ಸಿಕಲ್ ಸೆಲ್ ಜೀನ್ ಇನ್ನೂ ಯಾಕೆ ಉಳಿದಿದೆ?

ಪ್ರಶ್ನೆ: ನಾನು ಹೆಗ್ಗಡದೇವನಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮಲ್ಲಿ ಕಾಡಂಚಿನ ಬುಡಕಟ್ಟು ಹಾಡಿಗಳ ಮಕ್ಕಳು ಜಾಸ್ತಿ. ಹೋದ ವರ್ಷ ಎಲ್ಲರಿಗೂ ಸಿಕಲ್ ಸೆಲ್ ಎಂಬ, ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆಯ ಪರೀಕ್ಷೆ ಮಾಡಿ ಕಾರ್ಡ್ ಕೊಟ್ಟರು. ಅದಾಗಿ ಸ್ವಲ್ಪ ದಿನಕ್ಕೆ ಜೀವವಿಕಾಸದ ಪಾಠ ಬಂತು. ‘ಒಳ್ಳೆಯ ಗುಣ ಉಳಿಯುತ್ತೆ, ಕೆಟ್ಟ ಗುಣ ಅಳಿಯುತ್ತೆ’ ಎಂದು ಹೇಳುತ್ತಿದ್ದೆ. ಕಾರ್ಡಿನಲ್ಲಿ ‘ವಾಹಕ’ ಎಂದು ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ‘ಹಾಗಾದ್ರೆ ನಮ್ಮ ಜೀನ್ ಇನ್ನೂ ಯಾಕೆ ಹೋಗಿಲ್ಲ ಸಾರ್? ನಮ್ದು ಕೆಟ್ಟದ್ದಾ?’ ಎಂದು ಕೇಳಿದಳು. ಏನೋ ಹೇಳಿ ಕೂರಿಸಿದೆ. ನನ್ನದೂ ಒಂದು ಪ್ರಶ್ನೆ ಇದೆ. ವಾಹಕರು ವಾಹಕರನ್ನು ಮದುವೆಯಾಗದಂತೆ ನೋಡಿಕೊಂಡರೆ ಈ ಜೀನ್ ಕ್ರಮೇಣ ಮಾಯವಾಗುತ್ತದೆಯೇ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಾಬಾಸ್ ಹೇಳಿ. ಇದೇ ಪ್ರಶ್ನೆ 1940ರ ದಶಕದಲ್ಲಿ ದೊಡ್ಡ ದೊಡ್ಡ ತಜ್ಞರ ತಲೆ ತಿಂದಿತ್ತು.

ಅವರ ಪೇಚಾಟ ಹೀಗಿತ್ತು. ಈ ಜೀನ್ ಅಪ್ಪನಿಂದಲೂ ಅಮ್ಮನಿಂದಲೂ ಬಂದ ಮಗು, ಅಂದರೆ ಎರಡೂ ಪ್ರತಿ ಇರುವ ಮಗು, ಆಗಿನ ಕಾಲದಲ್ಲಿ ದೊಡ್ಡದಾಗುವ ಮೊದಲೇ ತೀರಿಹೋಗುತ್ತಿದ್ದದ್ದೇ ಹೆಚ್ಚು. ಅಂಥ ಒಂದೊಂದು ಮಗು ಹೋದಾಗಲೂ ಜೀನಿನ ಎರಡು ಪ್ರತಿ ಅದರ ಜೊತೆಗೇ ಮಣ್ಣಾಗುತ್ತವೆ. ತೂತು ಬಿದ್ದ ಕೊಡ ಇದ್ದ ಹಾಗೆ. ಯಾವತ್ತೋ ಬರಿದಾಗಬೇಕಿತ್ತು. ಆದರೆ ಆಫ್ರಿಕಾದ ಕೆಲವು ಕಡೆ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಜನ ವಾಹಕರು, ಅಂದರೆ ಒಂದೇ ಪ್ರತಿ ಇರುವವರು. 1952ರಲ್ಲಿ ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟುಗಳಲ್ಲೂ ಇದು ಸಿಕ್ಕಿತು. ಆಮೇಲೆ ಮಧ್ಯಭಾರತದ ಗೊಂಡರಲ್ಲಿ, ಭಿಲ್ಲರಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ನಿಮ್ಮ ಕಡೆಯ ಹಾಡಿಗಳಲ್ಲಿ. ಸೋರುವ ಕೊಡ ಬರಿದಾಗಿಲ್ಲ ಅಂದರೆ ಯಾರೋ ನೀರು ಹೊಯ್ಯುತ್ತಿದ್ದಾರೆ ಅಂತಲೇ ಅರ್ಥ, ಅಲ್ವಾ? ಹೊಸ ಹೊಸ ಉತ್ಪರಿವರ್ತನೆಗಳು, ಅಂದರೆ ಜೀನಿನಲ್ಲಿ ತಾನಾಗಿ ಆಗುವ ಬದಲಾವಣೆಗಳು, ಆಗಿ ತುಂಬುತ್ತಿರಬಹುದೇ ಎಂದು ಕೆಲವರು ಲೆಕ್ಕ ಹಾಕಿದರು. ಕೂಡಲಿಲ್ಲ. ಉತ್ಪರಿವರ್ತನೆ ತೀರಾ ಅಪರೂಪದ ಸಂಗತಿ, ಅದು ಹನಿಹನಿಯಾಗಿ ಬೀಳುವಂಥದ್ದು. ಇಲ್ಲಿ ಸೋರುತ್ತಿದ್ದದ್ದು ಧಾರೆ.

ನೀರು ಹೊಯ್ಯುತ್ತಿದ್ದದ್ದು ಮಲೇರಿಯಾ.

ಅದಕ್ಕೆ ಬರುವ ಮೊದಲು ರಕ್ತದೊಳಗೆ ಏನಾಗುತ್ತದೆ ನೋಡೋಣ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಎನ್ನುವ ಸರಪಳಿ ಇದೆ. 146 ಅಮೈನೊ ಆಮ್ಲಗಳ ಸರಪಳಿ. ಅದನ್ನು ಹೆಣೆಯುವ ಜೀನ್ 11ನೇ ಕ್ರೋಮೊಸೋಮಿನಲ್ಲಿದೆ. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿದೆ. ಅಷ್ಟೇ. ಅಷ್ಟಕ್ಕೇ ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಮೆತ್ತಗೆ ದುಂಡಗಿದ್ದ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮೂಳೆ ನೋವು ಬರುವುದು ಅದಕ್ಕೇ. ಮಾಮೂಲಿ ರಕ್ತಕಣ ಸುಮಾರು 120 ದಿನ ಬದುಕಿದರೆ ಇದು ಬದುಕುವುದು 10ರಿಂದ 20 ದಿನ. ರಕ್ತಹೀನತೆ ಬಾರದೆ ಇನ್ನೇನು?

ಇದು ಎರಡೂ ಪ್ರತಿ ಇರುವವರ ಪಾಡು. ವಾಹಕರಲ್ಲಿ ಒಂದು ಪ್ರತಿ ಮಾಮೂಲಿ, ಇನ್ನೊಂದು ಸಿಕಲ್. ಅವರ ರಕ್ತಕಣ ಸುಮ್ನೆ ಬಾಗುವುದಿಲ್ಲ. ಅವರು ಎಲ್ಲರ ಹಾಗೇ ಓಡಾಡಿಕೊಂಡಿರುತ್ತಾರೆ. ಆದರೆ ಮಲೇರಿಯಾದಲ್ಲೇ ಕೆಟ್ಟದಾದ ಫಾಲ್ಸಿಪಾರಮ್ ಪರಾವಲಂಬಿ ಅಂಥ ಕಣದೊಳಗೆ ಹೊಕ್ಕರೆ ಅದಕ್ಕೆ ಸರಿಯಾಗಿ ಬೆಳೆಯಲು ಆಗುವುದಿಲ್ಲ. ಪರಾವಲಂಬಿ ಹೊಕ್ಕ ಕಣ ಬಾಗುತ್ತದೆ, ಕೆಟ್ಟ ರಕ್ತಕಣಗಳನ್ನು ಸೋಸುವ ಅಂಗವಾದ ಗುಲ್ಮ ಅದನ್ನು ಹಿಡಿದು ಹಾಕುತ್ತದೆ. ಕಳ್ಳನ ಜೊತೆಗೆ ಮನೆಯನ್ನೂ ಸುಟ್ಟ ಹಾಗೆ! ಪ್ರಾಣ ತೆಗೆಯುವಂಥ ಮಲೇರಿಯಾದಿಂದ ವಾಹಕ ಮಕ್ಕಳಿಗೆ ಸಿಗುವ ರಕ್ಷಣೆ ಸುಮಾರು ಶೇಕಡಾ 90.

ಈಗ ಲೆಕ್ಕಕ್ಕೆ ಬರೋಣ. ಮಕ್ಕಳ ಕೈಯಲ್ಲೇ ಮಾಡಿಸಿ, ಖರ್ಚೇನೂ ಇಲ್ಲ. ಒಂದು ಡಬ್ಬಕ್ಕೆ 90 ಬಿಳಿ ಅಲಸಂದೆ ಕಾಳು, 10 ಕೆಂಪು ಅಲಸಂದೆ ಕಾಳು ಹಾಕಿ. ಬಿಳಿಯದು ಮಾಮೂಲಿ ಪ್ರತಿ, ಅದಕ್ಕೆ ‘ಎ’ ಅನ್ನೋಣ. ಕೆಂಪು ಸಿಕಲ್ ಪ್ರತಿ, ‘ಎಸ್’. ಕಣ್ಣು ಮುಚ್ಚಿ ಒಂದು ಕಾಳು ತೆಗೆಯಿರಿ, ಬಣ್ಣ ಬರೆದುಕೊಂಡು ವಾಪಸ್ ಹಾಕಿ, ಇನ್ನೊಂದು ತೆಗೆಯಿರಿ. ಎರಡು ಕಾಳು ಸೇರಿದರೆ ಒಂದು ಮಗು. ನೂರು ಮಕ್ಕಳನ್ನು ಹೀಗೆ ‘ಹುಟ್ಟಿಸಿದರೆ’ ಸರಾಸರಿ 81 ಎ-ಎ, 18 ಎ-ಎಸ್, 1 ಎಸ್-ಎಸ್ ಬರಬೇಕು.

ಇದಕ್ಕೆ ಹಾರ್ಡಿ–ವೈನ್‌ಬರ್ಗ್ ನಿಯಮ ಎಂದು ಹೆಸರು. ಹಾರ್ಡಿ ಅಂದರೆ ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಅದೇ ಹಾರ್ಡಿ. ಅವರ ಜೊತೆ ಕ್ರಿಕೆಟ್ ಆಡುತ್ತಿದ್ದ ಪನೆಟ್ ಎಂಬ ತಳಿವಿಜ್ಞಾನಿ ಇದ್ದರು. ಪ್ರಬಲ ಗುಣ ಇರುವ ಜೀನ್ ತಾನಾಗಿಯೇ ಹೆಚ್ಚುತ್ತಾ ಹೋಗಬೇಕಲ್ಲ, ಯಾಕೆ ಹೋಗುವುದಿಲ್ಲ ಎಂಬ ಗೊಂದಲವನ್ನು ಅವರು ಹಾರ್ಡಿ ಮುಂದಿಟ್ಟರು. 1908ರಲ್ಲಿ ಹಾರ್ಡಿ ಒಂದು ಪುಟ್ಟ ಪತ್ರ ಬರೆದು, ಹೊರಗಿನಿಂದ ಏನೂ ಕೈ ಹಾಕದಿದ್ದರೆ ಜೀನುಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಇದ್ದ ಹಾಗೇ ಇರುತ್ತದೆ ಎಂದು ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆಯಾಗಿ ಇದನ್ನೇ ಹೇಳಿದ್ದರು. ಇಷ್ಟು ಸುಲಭದ ವಿಷಯ ಜೀವಶಾಸ್ತ್ರದವರಿಗೆ ಗೊತ್ತಿರಬೇಕಿತ್ತು ಎಂಬ ಧಾಟಿ ಹಾರ್ಡಿ ಪತ್ರದಲ್ಲಿದೆ. ಗಣಿತದವರ ಗತ್ತು!

ನನ್ನ ಪ್ರಕಾರ ಜೀವವಿಕಾಸದ ಪಾಠ ಇಲ್ಲಿಂದಲೇ ಶುರುವಾಗಬೇಕು. ಏನೂ ಆಗದಿದ್ದರೆ ಏನೂ ಬದಲಾಗುವುದಿಲ್ಲ. ಬದಲಾಗಿದೆ ಅಂದರೆ ಯಾವುದೋ ಕೈ ಆಡಿದೆ. ನಿಸರ್ಗದ ಆಯ್ಕೆ ಇರಬಹುದು, ವಲಸೆ ಇರಬಹುದು, ಉತ್ಪರಿವರ್ತನೆ ಇರಬಹುದು, ಸುಮ್ನೆ ಅದೃಷ್ಟದ ಆಟವೂ ಇರಬಹುದು. ಯಾವ ಕೈ ಎಂದು ಹುಡುಕುವುದೇ ನಮ್ಮ ಕೆಲಸ.

ಈಗ ಆ ನೂರು ಮಕ್ಕಳನ್ನು ಮಲೇರಿಯಾ ಇರುವ ಕಾಡಂಚಿನಲ್ಲಿ ಬೆಳೆಸಿ. ಎಸ್-ಎಸ್ ಮಗು ಒಂದು, ಅದು ಉಳಿಯಲಿಲ್ಲ ಅನ್ನೋಣ. ಎ-ಎಸ್ ಮಕ್ಕಳು ಹದಿನೆಂಟೂ ಉಳಿದರು. ಎ-ಎ ಮಕ್ಕಳಲ್ಲಿ ಒಂಬತ್ತಕ್ಕೆ ಒಂದರಂತೆ ಮಲೇರಿಯಾಕ್ಕೆ ಬಲಿಯಾದವು ಎಂದಿಟ್ಟುಕೊಳ್ಳಿ. ಲೆಕ್ಕ ಸಲೀಸಾಗಲಿ ಎಂದು ನಾನೇ ಹಿಡಿದ ಸಂಖ್ಯೆ ಇದು. 81ರಲ್ಲಿ 9 ಹೋಗಿ 72 ಉಳಿದವು. ಒಟ್ಟು ಉಳಿದದ್ದು 90 ಮಕ್ಕಳು, ಅವರಲ್ಲಿ ಜೀನಿನ 180 ಪ್ರತಿ. ಕೆಂಪು ಎಷ್ಟು? ಹದಿನೆಂಟು ವಾಹಕರಲ್ಲಿ ಒಂದೊಂದು, ಒಟ್ಟು 18. ನೂರೆಂಬತ್ತರಲ್ಲಿ ಹದಿನೆಂಟು ಅಂದರೆ ಹತ್ತರಲ್ಲಿ ಒಂದು. ಶುರುವಿನಲ್ಲೂ ಹತ್ತರಲ್ಲಿ ಒಂದೇ ಇತ್ತು!

ಸೋರಿದ್ದಕ್ಕೂ ತುಂಬಿದ್ದಕ್ಕೂ ಸರಿಹೋಯಿತು. ಮುಂದಿನ ತಲೆಮಾರಿನಲ್ಲೂ ಹೀಗೇ. ಮಲೇರಿಯಾ ಇರುವವರೆಗೂ ಹೀಗೇ. ಕೆಂಪು ಕಾಳು ಇದಕ್ಕಿಂತ ಜಾಸ್ತಿಯಾದರೆ ಎಸ್-ಎಸ್ ಮಕ್ಕಳು ಹೆಚ್ಚಾಗಿ ಸೋರಿಕೆ ಹೆಚ್ಚುತ್ತದೆ. ಕಡಿಮೆಯಾದರೆ ವಾಹಕರ ಲಾಭ ಅದನ್ನು ಮತ್ತೆ ಮೇಲೆತ್ತುತ್ತದೆ. ತಕ್ಕಡಿ ನಿಲ್ಲುವುದು ಅಲ್ಲೇ.

ಈ ಲೆಕ್ಕವನ್ನು ಮಕ್ಕಳಿಗೆ ತೋರಿಸುವಾಗ ಒಂದು ಕಡೆ ನಿಲ್ಲಿಸಿ, ಸತ್ತವರು ಯಾರು ಎಂದು ಕೇಳಿ. ಎಸ್-ಎಸ್ ಒಂದು ಮಗು, ಎ-ಎ ಒಂಬತ್ತು ಮಕ್ಕಳು. ಪಾಠದಲ್ಲಿ ‘ಒಳ್ಳೆಯ ಜೀನ್’ ಅನ್ನುತ್ತೇವಲ್ಲ, ಆ ಜೀನಿನ ಎರಡೂ ಪ್ರತಿ ಇದ್ದ ಮಕ್ಕಳೇ ಹೆಚ್ಚು ಹೋದದ್ದು. ಅದಕ್ಕೇ ನಿಮ್ಮ ಪಾಠದ ಆ ಸಾಲನ್ನು ಬದಲಿಸಿ ಎಂದು ಕೇಳಿಕೊಳ್ಳುತ್ತೇನೆ. ನಿಸರ್ಗದ ಆಯ್ಕೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಈ ಜಾಗದಲ್ಲಿ, ಈ ಕಾಲದಲ್ಲಿ ಯಾರ ಮಕ್ಕಳು ಎಷ್ಟು ಉಳಿದರು ಎಂಬ ಎಣಿಕೆ ಮಾತ್ರ ಗೊತ್ತು. ‘ಸಮರ್ಥರ ಉಳಿವು’ ಎಂಬ ಮಾತು ಹುಟ್ಟಿಸಿದ್ದೂ ಡಾರ್ವಿನ್ ಅಲ್ಲ, ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ಆಮೇಲೆ, ತಮ್ಮ ಪುಸ್ತಕದ ಐದನೇ ಮುದ್ರಣದಲ್ಲಿ, 1869ರಲ್ಲಿ ಸೇರಿಸಿಕೊಂಡರು. ಆ ಮಾತಿನಿಂದ ಆದ ಅನರ್ಥ ಒಂದೆರಡಲ್ಲ.

ಮಲೇರಿಯಾದ ಈ ಹೊಳಹು ಮೊದಲು ಬಂದವರಲ್ಲಿ ಇಂಗ್ಲೆಂಡಿನ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. 1949ರಲ್ಲಿ ಅವರು ಹೇಳಿದ್ದು ಮೆಡಿಟರೇನಿಯನ್ ಕಡೆಯ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತಕಾಯಿಲೆಯ ಬಗ್ಗೆ. ಸಿಕಲ್ ಸೆಲ್ ಬಗ್ಗೆ ಆಫ್ರಿಕಾದಲ್ಲಿ ರಕ್ತ ಪರೀಕ್ಷೆ ಮಾಡಿ ತೋರಿಸಿದ್ದು ಕೀನ್ಯಾದಲ್ಲಿ ಬೆಳೆದ ಆಂಟನಿ ಅಲಿಸನ್, 1954ರಲ್ಲಿ. ಮಲೇರಿಯಾ ಬಿಡದೆ ಕಾಡುವ ಕಡೆ ವಾಹಕರು ಜಾಸ್ತಿ, ಸೊಳ್ಳೆ ಕಡಿಮೆ ಇರುವ ಎತ್ತರದ ಒಣ ಜಾಗದಲ್ಲಿ ಕಡಿಮೆ. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೇ ಬಂದರು, ಇಲ್ಲಿಯ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೊಂದು ಪುಟ ಕೊಟ್ಟರೆ ನಷ್ಟವೇನಿಲ್ಲ.

ನಿಮ್ಮ ಸೀಮೆಗೂ ಈ ಕಥೆ ಹೊಂದುತ್ತದೆ. ಪಶ್ಚಿಮ ಘಟ್ಟದ ಬುಡ, ಹರಿಯುವ ಸಣ್ಣ ತೊರೆ, ಕಾಡಿನ ನೆರಳು ಇವೆಲ್ಲ ಮಲೇರಿಯಾ ಸೊಳ್ಳೆಗೆ ತವರುಮನೆ. ಮಲೆನಾಡ ಜ್ವರಕ್ಕೆ ಹೆದರಿ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅಜ್ಜ ಅಜ್ಜಿಯರಿಗೆ ನೆನಪಿದ್ದೀತು. ಅಂಥ ಕಾಡಿನಲ್ಲಿ ತಲೆಮಾರುಗಟ್ಟಲೆ ಬಾಳಿದವರು ಹಾಡಿಯ ಜನ. ಕೆಂಪು ಕಾಳು ಅವರ ಡಬ್ಬದಲ್ಲಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅಂದಹಾಗೆ ಇದು ಬುಡಕಟ್ಟಿನವರ ಜೀನ್ ಎಂದು ಯಾರಾದರೂ ಮೂಗು ಮುರಿದರೆ, ಮಲೇರಿಯಾದ ಗುರುತು ಬೇರೆ ಎಷ್ಟೋ ಸಮುದಾಯಗಳ ರಕ್ತದಲ್ಲೂ ಒಂದಲ್ಲ ಒಂದು ರೂಪದಲ್ಲಿದೆ ಎಂದು ಹೇಳಿ. ಥಲಸ್ಸೀಮಿಯಾ ಅಂಥದ್ದೇ. ರಕ್ತಕಣದಲ್ಲಿರುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯೂ ಅಂಥದ್ದೇ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆ ಕೊಡುವ ಮೊದಲು ವೈದ್ಯರು ಅದನ್ನು ವಿಚಾರಿಸುವುದು ಸುಮ್ನೆ ಅಲ್ಲ.

ಈಗ ಮಲೇರಿಯಾ ತುಂಬಾ ಕಡಿಮೆಯಾಗಿದೆ. ಹಾಗಾದರೆ ಜೀನ್ ಹೋಗಬೇಕಲ್ಲ? ಹೋಗುತ್ತದೆ, ಆದರೆ ಬಸವನಹುಳುವಿನ ನಡಿಗೆಯಲ್ಲಿ. ಲಾಭ ಪೂರ್ತಿ ನಿಂತು, ಎಸ್-ಎಸ್ ಮಕ್ಕಳು ಯಾರೂ ಉಳಿಯುವುದಿಲ್ಲ ಎಂಬ ಅತಿ ಕ್ರೂರ ಸ್ಥಿತಿಯನ್ನೇ ಹಿಡಿದರೂ, ಹತ್ತರಲ್ಲಿ ಒಂದು ಇದ್ದ ಕೆಂಪು ಕಾಳು ಇಪ್ಪತ್ತರಲ್ಲಿ ಒಂದು ಆಗಲು ಹತ್ತು ತಲೆಮಾರು ಬೇಕು. ತಲೆಮಾರಿಗೆ 25 ವರ್ಷ ಅಂದರೆ 250 ವರ್ಷ. ಅಲ್ಲಿಂದ ಮತ್ತೆ ಅರ್ಧವಾಗಲು ಇನ್ನೂ 20 ತಲೆಮಾರು. ಕಡಿಮೆಯಾದಷ್ಟೂ ನಿಧಾನ. ದೇಶದಲ್ಲಿ ಡಿಡಿಟಿ ಹಿಡಿದು ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಇನ್ನೂ ಮೂರು ತಲೆಮಾರು ಕೂಡ ಸರಿಯಾಗಿ ಆಗಿಲ್ಲ.

ಯಾಕೆ ಇಷ್ಟು ನಿಧಾನ? ಜೀನ್ ಬಚ್ಚಿಟ್ಟುಕೊಳ್ಳುವುದು ವಾಹಕರಲ್ಲಿ. ಕೆಂಪು ಕಾಳು ನೂರರಲ್ಲಿ ಒಂದೇ ಇರುವ ಊರು ಅನ್ನಿ. ಹತ್ತು ಸಾವಿರ ಜನರಲ್ಲಿ ಎಸ್-ಎಸ್ ಒಬ್ಬರು, ವಾಹಕರು 198. ಆ ಊರಿನ 200 ಕೆಂಪು ಕಾಳುಗಳಲ್ಲಿ 198 ಆರೋಗ್ಯವಾಗಿ ಓಡಾಡುವವರ ಮೈಯಲ್ಲಿವೆ. ಆಯ್ಕೆಯ ಕಣ್ಣಿಗೆ ಬೀಳುವುದು ಎರಡೇ. ‘ಕೆಟ್ಟ ಜೀನ್ ಇರುವವರು ಮಕ್ಕಳನ್ನು ಹೆರಬಾರದು’ ಎಂದು ಕಳೆದ ಶತಮಾನದಲ್ಲಿ ಕಾನೂನು ಮಾಡಿದ ದೇಶಗಳಿದ್ದವು. ಅವರ ಕ್ರೌರ್ಯದ ಮಾತು ಹಾಗಿರಲಿ, ಲೆಕ್ಕವೂ ತಪ್ಪಾಗಿತ್ತು.

ಇನ್ನು ನಿಮ್ಮ ಮದುವೆಯ ಪ್ರಶ್ನೆ. ಇದರ ಉತ್ತರ ಕೇಳಿ ನನ್ನ ಬಿಎಸ್‌ಸಿ ವಿದ್ಯಾರ್ಥಿಗಳು ಪ್ರತಿ ವರ್ಷ ಕಣ್ಣರಳಿಸುತ್ತಾರೆ. ವಾಹಕರು ವಾಹಕರನ್ನು ಮದುವೆಯಾಗುವುದೇ ಇಲ್ಲ ಅನ್ನಿ. ಆಗ ಜೀನ್ ಮಾಯವಾಗುವುದಿಲ್ಲ. ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ!

ಯೋಚಿಸಿ ನೋಡಿ. ಜೀನ್ ಸೋರುತ್ತಿದ್ದ ತೂತು ಒಂದೇ, ಎಸ್-ಎಸ್ ಮಗುವಿನ ಸಾವು. ಎ-ಎಸ್ ಇಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕಕ್ಕೊಂದು ಪಾಲು ಎಸ್-ಎಸ್ ಮಗು ಆಗುವ ಸಂಭವ. ಎ-ಎಸ್ ಮತ್ತು ಎ-ಎ ಮದುವೆಯಲ್ಲಿ ಎಸ್-ಎಸ್ ಮಗು ಆಗುವುದೇ ಇಲ್ಲ, ಆದರೆ ಅರ್ಧ ಪಾಲು ಮಕ್ಕಳು ವಾಹಕರಾಗುತ್ತಾರೆ. ಅಂದರೆ ನಾವು ತೂತು ಮುಚ್ಚಿದೆವು. ರೋಗ ನಿಂತಿತು, ಜೀನ್ ನಿಲ್ಲಲಿಲ್ಲ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಶುರು ಮಾಡಿದ ಯೋಜನೆಯಲ್ಲಿ 2047ರೊಳಗೆ ಸಿಕಲ್ ಸೆಲ್ ನಿರ್ಮೂಲನೆ ಎಂಬ ಮಾತಿದೆ. ಅದನ್ನು ರೋಗದ ಬಾಧೆಯ ನಿರ್ಮೂಲನೆ ಎಂದು ಓದಿಕೊಳ್ಳಬೇಕು. ಜೀನ್ ಅಷ್ಟರಲ್ಲಿ ಎಲ್ಲಿಗೂ ಹೋಗುವುದಿಲ್ಲ, ಹೋಗಬೇಕಾದ ಅಗತ್ಯವೂ ಇಲ್ಲ.

ಹಾಗೆಂದು ಕಾರ್ಡನ್ನು ಜಾತಕದ ಹಾಗೆ ಹಿಡಿದು ಹೆಣ್ಣು ಗಂಡು ಬೇಡ ಅನ್ನುವುದು ನನಗೆ ಇಷ್ಟವಿಲ್ಲ. ತಿಳಿದುಕೊಂಡಿರಲಿ. ಇಬ್ಬರೂ ವಾಹಕರಾದರೆ ಬಸುರಿನಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ, ಹುಟ್ಟಿದ ಮಗುವನ್ನು ಕೂಡಲೇ ಗುರುತಿಸಿ ಚಿಕಿತ್ಸೆ ಕೊಡುವ ದಾರಿ ಇದೆ. ಕಾರ್ಡು ನೋಡಿ ಹುಡುಗಿಯರನ್ನೇ ಮೊದಲು ತಿರಸ್ಕರಿಸುತ್ತಾರೆ ಎಂಬುದು ನಿಮಗೂ ಗೊತ್ತು ನನಗೂ ಗೊತ್ತು.

ಹತ್ತಿರದ ಸಂಬಂಧದಲ್ಲಿ ಮದುವೆಯ ಮಾತೂ ಇಲ್ಲೇ ಬರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದರೆ ಊರಿನ ಡಬ್ಬದಲ್ಲಿರುವ ಕೆಂಪು ಕಾಳು ಹೆಚ್ಚುವುದಿಲ್ಲ, ಎರಡು ಕೆಂಪು ಒಟ್ಟಿಗೆ ಬೀಳುವ ಸಂಭವ ಹೆಚ್ಚುತ್ತದೆ. ಹತ್ತರಲ್ಲಿ ಒಂದು ಕೆಂಪು ಇರುವ ಕಡೆ ಸೋದರಮಾವ–ಸೊಸೆ ಮದುವೆಯಲ್ಲಿ ಎಸ್-ಎಸ್ ಮಗುವಿನ ಸಂಭವ ನೂರಕ್ಕೆ ಒಂದರಿಂದ ಎರಡರ ಆಸುಪಾಸಿಗೆ ಏರುತ್ತದೆ. ಜೀನ್ ಅಪರೂಪವಾದಷ್ಟೂ ಈ ಏರಿಕೆ ಜೋರು. ನೂರರಲ್ಲಿ ಒಂದೇ ಕೆಂಪು ಇದ್ದರೆ ಹದಿಮೂರು ಪಟ್ಟು.

ಒಂದು ಹಾಡಿಯಲ್ಲಿ ವಾಹಕರು ತುಂಬಾ, ಪಕ್ಕದ ಹಾಡಿಯಲ್ಲಿ ಹೆಚ್ಚು ಇಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅದಕ್ಕೆ ಪ್ರತಿ ಸಲ ಮಲೇರಿಯಾವನ್ನೇ ಎಳೆದು ತರಬೇಕಿಲ್ಲ. ಅದೇ ಡಬ್ಬದಿಂದ ಬರೀ ಹತ್ತು ಕಾಳು ತೆಗೆಯಿರಿ, ಐದು ಜನ ಹೊರಟುಹೋಗಿ ಹೊಸ ಹಾಡಿ ಕಟ್ಟಿದರು ಎಂದುಕೊಂಡು. ನೂರು ಸಲ ಮಾಡಿದರೆ ಸುಮಾರು 35 ಸಲ ಒಂದೂ ಕೆಂಪು ಬರುವುದಿಲ್ಲ. ಸುಮಾರು 26 ಸಲ ಎರಡೋ ಅದಕ್ಕಿಂತ ಜಾಸ್ತಿಯೋ ಬರುತ್ತವೆ. ಒಂದು ಹಾಡಿಗೆ ಜೀನೇ ಇಲ್ಲ, ಇನ್ನೊಂದಕ್ಕೆ ದುಪ್ಪಟ್ಟು, ಎರಡೂ ಒಂದೇ ಡಬ್ಬದ ಕಾಳು. ತಳಿವಿಜ್ಞಾನದಲ್ಲಿ ಇದಕ್ಕೆ ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಚಿಕ್ಕ ಗುಂಪಿನಲ್ಲಿ ಅದೃಷ್ಟದ ಕೈ ಆಯ್ಕೆಯ ಕೈಗಿಂತ ಬಲವಾಗಿಬಿಡುತ್ತದೆ. ಈ ಭಾಗ ನಮ್ಮ ಶಾಲೆಯ ಪಾಠಗಳಲ್ಲಿ ಬರುವುದೇ ಅಪರೂಪ. ಹಾಗಾಗಿ ಮಕ್ಕಳು ಪ್ರಾಣಿಯ ಒಂದೊಂದು ಗುಣಕ್ಕೂ ಏನೋ ಲಾಭ ಇರಲೇಬೇಕು ಎಂದು ಹುಡುಕುತ್ತಾ ಕೂರುತ್ತಾರೆ.

ಆ ಹುಡುಗಿಗೆ ಏನು ಹೇಳುವುದು? ‘ಕೆಟ್ಟದ್ದಲ್ಲಮ್ಮ’ ಎಂದು ಸಮಾಧಾನ ಮಾಡಿದರೆ ಅವಳು ನಂಬುವುದಿಲ್ಲ, ಬುದ್ಧಿವಂತೆ. ಲೆಕ್ಕ ಹೇಳಿ. ನಿನ್ನ ಒಂದು ಪ್ರತಿ ನಿನ್ನ ಅಜ್ಜಿಯ ಅಜ್ಜಿಯನ್ನು ಜ್ವರದ ಕಾಡಿನಲ್ಲಿ ಉಳಿಸಿದ್ದಿರಬಹುದು, ಅದೇ ಜೀನಿನ ಎರಡು ಪ್ರತಿ ಅವಳ ಅಣ್ಣನನ್ನೋ ತಮ್ಮನನ್ನೋ ಕೊಂದದ್ದೂ ಇರಬಹುದು. ಎರಡೂ ನಿಜ. ನಿನಗೆ ರೋಗ ಇಲ್ಲ, ಬರುವುದೂ ಇಲ್ಲ. ವಾಹಕ ಎಂದು ಮಲೇರಿಯಾ ಬಂದರೆ ಅಸಡ್ಡೆ ಮಾಡಬೇಡ, ಮಾತ್ರೆ ಬೇಕೇ ಬೇಕು.

ನಿಮ್ಮ ತರಗತಿಯಲ್ಲಿ ಎಸ್-ಎಸ್ ಮಕ್ಕಳಿದ್ದರೆ ಅವರ ಬಗ್ಗೆ ಹೆಚ್ಚು ಗಮನ ಬೇಕು. ಬಿಸಿಲಲ್ಲಿ ಓಡಿಸಬೇಡಿ. ಆಗಾಗ ನೀರು ಕುಡಿಯಲು ಬಿಡಿ, ಪಾಠದ ಮಧ್ಯೆಯಾದರೂ ಸರಿ. ಜ್ವರವೋ ಎದೆನೋವೋ ಬಂದರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಕಳಿಸಿ. ಮಲೇರಿಯಾ ಅವರಿಗೆ ಇನ್ನೂ ಅಪಾಯ, ವಾಹಕರ ರಕ್ಷಣೆ ಅವರಿಗಿಲ್ಲ. ಹೈಡ್ರಾಕ್ಸಿಯೂರಿಯಾ ಮಾತ್ರೆ ವೈದ್ಯರು ಬರೆದುಕೊಟ್ಟಿದ್ದರೆ ತಪ್ಪಿಸುತ್ತಿದ್ದಾರಾ ವಿಚಾರಿಸಿ. ಮಗು ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ನನ್ನು ಅದು ಮತ್ತೆ ಹೆಚ್ಚಿಸುತ್ತದೆ, ಕಣ ಬಾಗುವುದು ಕಡಿಮೆಯಾಗುತ್ತದೆ.

ಕಾಳಿನ ಆಟ ಆಡಿಸುವಾಗ ಎಣಿಸುವ ಕೆಲಸ ಆ ಹುಡುಗಿಗೇ ಕೊಡಿ. ನೂರು ಜೋಡಿ ತೆಗೆದಾಗ ಎ-ಎಸ್ ಸರಿಯಾಗಿ ಹದಿನೆಂಟೇ ಬರುವುದಿಲ್ಲ. ಹದಿನಾಲ್ಕು ಬರಬಹುದು, ಇಪ್ಪತ್ತೆರಡು ಬರಬಹುದು. ‘ಸಾರ್, ಲೆಕ್ಕ ತಪ್ಪು ಬಂತು’ ಎಂದು ಅವಳು ಹೇಳಿದರೆ ತಿದ್ದಲು ಹೋಗಬೇಡಿ. ಇನ್ನೊಂದು ಸಲ ತೆಗೆಯಲು ಹೇಳಿ, ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ.